ಹಂಸ ಸರೋವರವನ್ನು ಕಾದಂಬರಿ ಮಾಡಲು ಹೊರಟೆ, ರಾಜಕುಮಾರ ಪೆದ್ದನಾಗಿ ಕೂತಿದ್ದಾನೆ

ಕಾಗದದ ದೋಣಿ
ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಒಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ಕಥೆ ನನ್ನದಲ್ಲ. ರಷ್ಯಾದ ಚೈಕೋವ್‌ಸ್ಕಿ ಸಂಗೀತ ಕೊಟ್ಟ ‘ಸ್ವಾನ್ ಲೇಕ್’ (ಹಂಸ ಸರೋವರ) ಬ್ಯಾಲೆಯದು, ಮಾತಿಲ್ಲದ ನೃತ್ಯನಾಟಕ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಜರ್ಮನಿಯಲ್ಲಿ ಸೀಗ್‌ಫ್ರೀಡ್ ಎಂಬ ರಾಜಕುಮಾರ. ಮದುವೆ ಆಗು ಅಂತ ತಾಯಿಯ ಕಾಟ. ಅದೇ ರಾತ್ರಿ ಬೇಟೆಗೆ ಹೋಗುತ್ತಾನೆ. ಕೆರೆಯಲ್ಲಿದ್ದ ಹಂಸವೊಂದು ಕಣ್ಣೆದುರೇ ಹುಡುಗಿಯಾಗುತ್ತದೆ. ಅವಳೇ ಓಡೆಟ್. ರಾಟ್‌ಬಾರ್ಟ್ ಎಂಬ ಮಾಂತ್ರಿಕನ ದೆಸೆಯಿಂದ ಅವಳು ಹಗಲು ಹಂಸ, ರಾತ್ರಿ ಹೆಣ್ಣು. ಹಿಂದೆ ಯಾರಿಗೂ ಮಾತು ಕೊಡದವನೊಬ್ಬ ಅವಳಿಗೆ ಆಣೆ ಮಾಡಿದರೆ ಬಿಡುಗಡೆ. ಮಾರನೇ ದಿನ ಅರಮನೆಯ ನೃತ್ಯಕೂಟಕ್ಕೆ ರಾಟ್‌ಬಾರ್ಟ್ ತನ್ನ ಮಗಳು ಓಡೀಲಳನ್ನು ಓಡೆಟ್‌ಳ ರೂಪದಲ್ಲಿ ಕರೆತರುತ್ತಾನೆ. ನಮ್ಮ ಹುಡುಗ ನೇರ ಹೋಗಿ ಅವಳಿಗೆ ಆಣೆ ಮಾಡಿಬಿಡುತ್ತಾನೆ. ಆಯ್ತು, ಎಲ್ಲಾ ನೀರುಪಾಲು.

ನನ್ನ ಕಷ್ಟ ಇದೇ ನೃತ್ಯಕೂಟದ ಅಧ್ಯಾಯ. ರಂಗದ ಮೇಲೆ ಒಬ್ಬಳೇ ನರ್ತಕಿ ಎರಡೂ ಪಾತ್ರ ಮಾಡುತ್ತಾಳೆ. ಮುಖ ಒಂದೇ, ಹಾಗಾಗಿ ಅವನು ಮೋಸ ಹೋದರೆ ನಾವು ಒಪ್ಪುತ್ತೇವೆ. ಕಾಗದದ ಮೇಲೆ ಅವನು ಶುದ್ಧ ಪೆದ್ದ. ಮೂರು ಸಲ ತಿದ್ದಿ ಬರೆದೆ. ನನ್ನ ತಂಗಿ ಓದಿ, “ಅಕ್ಕಾ, ಇವನಿಗೆ ಮೊದಲು ಒಂದು ಕನ್ನಡಕ ಕೊಡಿಸು” ಅಂದಳು. ಏನು ಮಾಡಲಿ?

ಸುಮ್ನೆ ಓದ್ತೀನಿ
ತಂಗಿಗೆ ನನ್ನ ಓಟು.

ತಕರಾರು
ಮೊದಲ ತಕರಾರು ನನ್ನದೇ ಇರಲಿ. ಕನ್ನಡದಲ್ಲಿ ಬರೆಯುವಾಗ ಜರ್ಮನಿಯ ಕಾಡು ಯಾಕೆ? ಸೀಗ್‌ಫ್ರೀಡ್ ಅಂತ ಓದುವಷ್ಟರಲ್ಲಿ ನಾಲಿಗೆ ಗಂಟು ಬೀಳುತ್ತದೆ. ಕಥೆಯನ್ನು ಮಲೆನಾಡಿಗೆ ತನ್ನಿ. ಕೆರೆ ಇದೆ, ಕಾಡಿದೆ, ಪಾಳೇಗಾರನ ಮಗ ಇದ್ದಾನೆ. ಮುಗೀತು.

ಬೆಳ್ಳಕ್ಕಿ
ಎಲ್ಲಾ ಇದೆ ಸರ್, ಹಂಸ ಒಂದು ಇಲ್ಲ ನೋಡ್ರಿ.

ನಾನು ಗದಗ ಕಡೆಯವನು, ಹಕ್ಕಿ ನೋಡುವ ಹುಚ್ಚು. ಆ ಬ್ಯಾಲೆಯ ಹಂಸ ನಮ್ಮಲ್ಲಿಗೆ ಬರುವುದಿಲ್ಲ. ಶಿರಹಟ್ಟಿ ಹತ್ತಿರದ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವುದು ಪಟ್ಟೆತಲೆ ಹೆಬ್ಬಾತು. ಹಳೇ ಕಾವ್ಯಗಳ ‘ಹಂಸ’ ಬಹುಶಃ ಇದೇ ಅಂತ ಹಲವರು ಹೇಳುತ್ತಾರೆ. ಬೆಳಿಗ್ಗೆ ಹೊಲಕ್ಕೆ ಹಾರಿ ಕಾಳು ಮೇಯುತ್ತವೆ, ಆಮೇಲೆ ಕೆರೆಗೆ ವಾಪಸ್. 2024ರಲ್ಲಿ ಈ ಕೆರೆಗೆ ರಾಮ್ಸಾರ್ ಪಟ್ಟವೂ ಸಿಕ್ಕಿತು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ ಅಂತ. ಚೆಂದದ ಹಕ್ಕಿ, ಆದರೆ ನಿಮ್ಮ ಓಡೆಟ್ ಅಲ್ಲ. ಶೇಂಗಾ ಹೊಲದಲ್ಲಿ ಓಡೆಟ್ ಮೇಯುತ್ತಿದ್ದಳು ಅಂತ ಬರೆದರೆ ಕಥೆ ಬೇರೆಯೇ ಆಗುತ್ತದೆ.

ತಕರಾರು
ಆ ಬೇರೆ ಕಥೆಯನ್ನೇ ನಾನು ಓದೋದು. ಶೇಂಗಾ ಹೊಲದ ಓಡೆಟ್, ಅದ್ಭುತ!

ಮ್ಯೂನಿಕ್ ಮಂಜ
ನಾನು ಇಲ್ಲೇ ಬವೇರಿಯಾದಲ್ಲಿ ಇರೋದರಿಂದ ಒಂದು ಮಾತು. ಕಥೆಯನ್ನು ಜರ್ಮನಿಯಲ್ಲೇ ಬಿಡಿ. ಇಲ್ಲಿಂದ ಎರಡು ಗಂಟೆ ರೈಲಿನ ದಾರಿಯಲ್ಲಿ ಶ್ವಾನ್‌ಗೌ ಅಂತ ಊರಿದೆ. ಹೆಸರಲ್ಲೇ ಹಂಸ ಇದೆ. ಹಂಸ ಅಂದರೆ ಹುಚ್ಚಾಗಿದ್ದ ಎರಡನೇ ಲುಡ್‌ವಿಗ್ ರಾಜ ಕಟ್ಟಿಸಿದ ನೊಯ್‌ಶ್ವಾನ್‌ಸ್ಟೈನ್ ಕೋಟೆಯೂ ಅಲ್ಲೇ. ಕೆಳಗೆ ಆಲ್ಪ್‌ಸೀ ಎಂಬ ಕೆರೆ. ನವೆಂಬರ್‌ನಲ್ಲಿ ಒಮ್ಮೆ ಸಂಜೆ ಹೋಗಿದ್ದೆ. ನಾಲ್ಕೂವರೆಗೆ ಕತ್ತಲು. ಮಂಜು ನೀರಿನ ಮೇಲೆ ಮಲಗಿತ್ತು. ಐದು ಮಾರು ದೂರದ ಹಂಸ ಕಾಣಲಿಲ್ಲ, ಅದರ ಸದ್ದು ಮಾತ್ರ ಕೇಳಿಸಿತು. ಆ ಹೆದರಿಕೆ ಮಲೆನಾಡಿನ ಮಳೆಯಲ್ಲಿ ಇಲ್ಲ ಅಂತಲ್ಲ, ಅದು ಬೇರೆ ಹೆದರಿಕೆ.

ಅಂದ ಹಾಗೆ ಆ ಲುಡ್‌ವಿಗ್ ರಾಜ ಕೆರೆಯಲ್ಲೇ ಮುಳುಗಿ ಸತ್ತ. ಅದನ್ನು ನೋಡಿಯೇ ಬ್ಯಾಲೆಯ ಕೊನೆ ಬರೆದರು ಅಂತ ಇಲ್ಲಿನ ಗೈಡ್ ಒಬ್ಬ ಹೇಳಿದ.

ಹಳೇ ರೇಡಿಯೋ
ಮಂಜಣ್ಣ, ಗೈಡಿಗೆ ಕೊಟ್ಟ ದುಡ್ಡು ವಾಪಸ್ ಕೇಳಿ. ಬ್ಯಾಲೆ ಮೊದಲು ರಂಗಕ್ಕೆ ಬಂದದ್ದು ಮಾಸ್ಕೋದ ಬಾಲ್ಶೊಯ್ ರಂಗಮಂದಿರದಲ್ಲಿ, 1877ರ ಮಾರ್ಚ್ 4ರಂದು. ಲುಡ್‌ವಿಗ್ ಸತ್ತದ್ದು 1886ರ ಜೂನ್‌ನಲ್ಲಿ, ಅದೂ ಶ್ಟಾರ್ನ್‌ಬರ್ಗ್ ಕೆರೆಯಲ್ಲಿ. ಒಂಬತ್ತು ವರ್ಷ ಮುಂಚೆಯೇ ಕಥೆಯಲ್ಲಿ ಮುಳುಗಿಸಿದ್ದಾರೆ.

ದೋಣಿ ಅವರೇ, ನಿಮ್ಮ ಪ್ರಶ್ನೆಗೆ ನೇರ ಉತ್ತರ ನನ್ನಲ್ಲಿಲ್ಲ. ಆದರೆ ನೀವು ಹೇಳಿದ ಕಥೆ ಎರಡನೇ ಕಥೆ. ಮೊದಲನೆಯದು ಬೇರೆ ಇದೆ, ಕಾದಂಬರಿಗೆ ಅದೇ ವಾಸಿ.

1877ರ ಕಥೆಯಲ್ಲಿ ಓಡೆಟ್ ಶಾಪಗ್ರಸ್ತೆಯೇ ಅಲ್ಲ. ಅವಳ ತಾಯಿ ಒಬ್ಬ ಯಕ್ಷಿ. ಅಪ್ಪನ ಮಾತು ಮೀರಿ ಮನುಷ್ಯನನ್ನು ಮದುವೆಯಾಗಿ, ಸಂಸಾರದಲ್ಲಿ ನೊಂದು ಸತ್ತಳು. ಓಡೆಟ್‌ಳ ಅಪ್ಪ ಮರುಮದುವೆ ಮಾಡಿಕೊಂಡ. ಬಂದ ಮಲತಾಯಿ ಮಾಟಗಾತಿ. ಓಡೆಟ್‌ಳನ್ನು ಕೊಲ್ಲಲು ನೋಡಿದಳು. ಆಗ ತಾಯಿಯ ತಂದೆ ಮೊಮ್ಮಗಳನ್ನು ತನ್ನಲ್ಲಿಗೆ ಕರೆದುಕೊಂಡ. ಆ ಕೆರೆ ಇದೆಯಲ್ಲ, ಅದು ಮಗಳಿಗಾಗಿ ಆ ಮುದುಕ ಅತ್ತ ಕಣ್ಣೀರು. ಮೊಮ್ಮಗಳ ತಲೆಗೆ ಒಂದು ಕಿರೀಟ ಕೊಟ್ಟಿದ್ದಾನೆ. ಅದು ಇರುವ ತನಕ ಮಲತಾಯಿ ಮುಟ್ಟುವ ಹಾಗಿಲ್ಲ. ಮಲತಾಯಿ ಗೂಬೆಯಾಗಿ ಸುತ್ತಮುತ್ತ ಕಾಯುತ್ತಾಳೆ. ಓಡೆಟ್ ಮತ್ತು ಗೆಳತಿಯರು ಹಗಲು ಹಂಸದ ರೂಪದಲ್ಲಿ ಆಡಿಕೊಂಡು ಇರೋದು, ಅಷ್ಟೇ.

ಕೊನೆಗೆ ಏನಾಗುತ್ತದೆ ಗೊತ್ತಾ? ತಪ್ಪು ಮಾಡಿದ ರಾಜಕುಮಾರ ಓಡಿ ಬಂದು ಕ್ಷಮೆ ಕೇಳುತ್ತಾನೆ. ಕ್ಷಮಿಸುವ ಶಕ್ತಿ ನನಗಿಲ್ಲ ಅಂತ ಅವಳು ಹೊರಡುತ್ತಾಳೆ. ಇವನು ಬಿಡುವುದಿಲ್ಲ ಅಂತ ಅವಳ ತಲೆಯ ಕಿರೀಟ ಕಿತ್ತು ಕೆರೆಗೆ ಎಸೆಯುತ್ತಾನೆ! ಅವಳನ್ನು ಕಾಯುತ್ತಿದ್ದ ಒಂದೇ ಒಂದು ವಸ್ತು. ಕೆರೆ ಉಕ್ಕಿ ಇಬ್ಬರನ್ನೂ ನುಂಗುತ್ತದೆ.

ಕಾಗದದ ದೋಣಿ
ಅಯ್ಯೋ. ಕಿರೀಟದ ವಿಷಯ ನನಗೆ ಗೊತ್ತೇ ಇರಲಿಲ್ಲ. ಇದು ಪೆದ್ದತನ ಅಲ್ಲ, ಸ್ವಾರ್ಥ. ಪೆದ್ದನನ್ನು ನೋಡಿ ಓದುಗ ನಗುತ್ತಾನೆ, ಸ್ವಾರ್ಥಿಯನ್ನು ಕೊನೇ ಪುಟದವರೆಗೂ ಹಿಂಬಾಲಿಸುತ್ತಾನೆ.

ಹಾಗಾದರೆ ಈಗ ನಾವು ನೋಡುವ ಕಥೆ ಯಾರದು?

ಹಳೇ ರೇಡಿಯೋ
1895ರದು. ಸೇಂಟ್ ಪೀಟರ್ಸ್‌ಬರ್ಗ್‌ನ ಮರಿಯಿನ್‌ಸ್ಕಿ ರಂಗಮಂದಿರ. ಅರಮನೆಯ ಅಂಕಗಳ ನೃತ್ಯ ಮಾರಿಯಸ್ ಪೆಟಿಪಾ, ಕೆರೆದಂಡೆಯ ಬಿಳಿ ಅಂಕಗಳದ್ದು ಲೆವ್ ಇವಾನೊವ್. ಕಥೆಯನ್ನು ತಿದ್ದಿದವನು ಚೈಕೋವ್‌ಸ್ಕಿಯ ತಮ್ಮ ಮೊಡೆಸ್ಟ್. ಮಲತಾಯಿ ಹೋದಳು, ಮುದುಕ ಹೋದ, ಎಲ್ಲಾ ಕೇಡನ್ನೂ ರಾಟ್‌ಬಾರ್ಟ್ ತಲೆಗೆ ಕಟ್ಟಿದರು. ಚೈಕೋವ್‌ಸ್ಕಿ ಅಷ್ಟರಲ್ಲಿ ತೀರಿಕೊಂಡಿದ್ದ, 1893ರಲ್ಲಿ. ಈಗ ಇಡೀ ಲೋಕ ಕುಣಿಯುವ ರೂಪವನ್ನು ಅವನು ನೋಡಲೇ ಇಲ್ಲ. ಬಾಲ್ಶೊಯ್‌ನವರು ಇದಕ್ಕೆ ಅವನಿಗೆ ಕೊಟ್ಟದ್ದು 800 ರೂಬಲ್.

ಸುಮ್ನೆ ಓದ್ತೀನಿ
800 ರೂಬಲ್ ಅಂದ್ರೆ ಈಗ ಎಷ್ಟು? ಸುಮ್ನೆ ಕೇಳಿದೆ.

ತುದಿಗಾಲು
ನಾನು ಬೆಂಗಳೂರಿನಲ್ಲಿ ಹದಿನಾರರ ತನಕ ಬ್ಯಾಲೆ ಕಲಿತವಳು. ಮೊಣಕಾಲು ಕೈಕೊಟ್ಟ ಮೇಲೆ ಬಿಟ್ಟೆ. ದೋಣಿ ಅಕ್ಕ, ಒಬ್ಬಳೇ ಎರಡೂ ಮಾಡುತ್ತಾಳೆ ಅಂತ ಒಂದೇ ಸಾಲಲ್ಲಿ ಹೇಳಿ ಮುಗಿಸಿದಿರಿ. ಅಲ್ಲೇ ನಿಮ್ಮ ಉತ್ತರ ಇದೆ ಅನ್ನಿಸುತ್ತದೆ.

ಮುಖ ಒಂದೇ ಇರಬಹುದು, ಮೈ ಬೇರೆ. ಓಡೆಟ್ ತಲೆ ತಗ್ಗಿಸುತ್ತಾಳೆ, ಕತ್ತು ಓರೆ ಮಾಡುತ್ತಾಳೆ, ತೋಳು ಬೆನ್ನಿನಿಂದಲೇ ಹೊರಟ ಹಾಗೆ ಅಲೆಯಾಡುತ್ತದೆ. ಓಡೀಲ್ ನೆಟ್ಟಗೆ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾಳೆ. ಎಲ್ಲಾ ಚುರುಕು, ಹರಿತ. ಮಧ್ಯೆ ರಾಟ್‌ಬಾರ್ಟ್ ಅವಳನ್ನು ಕರೆದು ಕಿವಿಯಲ್ಲಿ ಏನೋ ಹೇಳುತ್ತಾನೆ. ಆಗ ಅವಳು ಒಂದು ಕ್ಷಣ ಓಡೆಟ್‌ಳ ತೋಳು ನಕಲು ಮಾಡುತ್ತಾಳೆ. ರಾಜಕುಮಾರನಿಗೆ ಅನುಮಾನ ಬಂದಾಗಲೆಲ್ಲ ಹೀಗೇ. ಅಂದರೆ ಅವನಿಗೆ ಅನುಮಾನ *ಬರುತ್ತದೆ*. ಬಂದರೂ ನುಂಗಿಕೊಳ್ಳುತ್ತಾನೆ.

ಆಮೇಲೆ ಆ 32 ಫುಯೆತೆ. ಒಂದೇ ಕಾಲಿನ ತುದಿಯಲ್ಲಿ, ಇನ್ನೊಂದು ಕಾಲನ್ನು ಚಾಟಿಯಂತೆ ಬೀಸುತ್ತಾ 32 ಸುತ್ತು. 1895ರಲ್ಲಿ ಇದನ್ನು ಮಾಡಿದವಳು ಇಟಲಿಯ ಪಿಯೆರಿನಾ ಲೆನ್ಯಾನಿ. ಮೂವತ್ತೆರಡು ಸಲ ಕಣ್ಣೆದುರು ತಿರುಗಿದರೆ ನೋಡುವವನ ಬುದ್ಧಿ ಎಲ್ಲಿರುತ್ತದೆ? ಇದನ್ನು ಅಕ್ಷರದಲ್ಲಿ ತರೋದು ಹೇಗೆ ಅಂತ ಮಾತ್ರ ನನ್ನನ್ನು ಕೇಳಬೇಡಿ.

ತಕರಾರು
ಕಪ್ಪು ಬಟ್ಟೆ ಹಾಕಿಕೊಂಡು ಬಂದವಳನ್ನು ಬಿಳಿ ಹುಡುಗಿ ಅಂದುಕೊಂಡನಲ್ಲ, ಅದಕ್ಕೇನು ಹೇಳ್ತೀರಿ?

ತುದಿಗಾಲು
ಕಪ್ಪು ಬಟ್ಟೆ ಆಮೇಲೆ ಬಂದದ್ದು ಸರ್, 20ನೇ ಶತಮಾನದ ರೂಢಿ. 1895ರಲ್ಲಿ ಓಡೀಲ್ ಕಪ್ಪು ಹಂಸ ಆಗಿರಲಿಲ್ಲ. ಹಂಸವೇ ಅಲ್ಲ ಅವಳು, ಮಾಂತ್ರಿಕನ ಮಗಳು.

ಬೆಳ್ಳಕ್ಕಿ
ಇನ್ನೊಂದು. ಕಪ್ಪು ಹಂಸ ಆಸ್ಟ್ರೇಲಿಯಾದ ಹಕ್ಕಿ. 1697ರಲ್ಲಿ ಡಚ್ಚರ ಹಡಗು ಅಲ್ಲಿ ಅದನ್ನು ಕಾಣುವ ತನಕ ಯುರೋಪಿನಲ್ಲಿ ಕಪ್ಪು ಹಂಸ ಅಂದರೆ ನಮ್ಮ ಮೊಲದ ಕೋಡು ಇದ್ದ ಹಾಗೆ, ಇಲ್ಲದ್ದು ಅಂತ ಅರ್ಥ. ಕಾದಂಬರಿ ಮಧ್ಯಯುಗದ ಜರ್ಮನಿಯಲ್ಲಿ ನಡೆದರೆ ಕಪ್ಪು ಹಂಸ ನೋಡಿದ ಜನ ಕಂಗಾಲಾಗಬೇಕು.

ಕಾಗದದ ದೋಣಿ
ಇದನ್ನು ಬರೆದಿಟ್ಟುಕೊಂಡೆ. ಬೆಳ್ಳಕ್ಕಿ ಅಣ್ಣ, ಹಂಸದ ಬಗ್ಗೆ ಇನ್ನೇನಿದ್ದರೂ ಹೇಳಿ. ನನ್ನ ಹಂಸಗಳು ಇನ್ನೂ ಕ್ಯಾಲೆಂಡರ್ ಚಿತ್ರದ ಹಾಗಿವೆ.

ಬೆಳ್ಳಕ್ಕಿ
ಕೇಳಿದಿರಲ್ಲ, ಇನ್ನು ನನ್ನನ್ನು ನಿಲ್ಲಿಸುವವರಿಲ್ಲ.

ಯುರೋಪಿನ ಮೂಕಹಂಸ ಹತ್ತು ಹನ್ನೆರಡು ಕಿಲೋ ತೂಗುತ್ತದೆ. ರೆಕ್ಕೆ ಬಿಚ್ಚಿದರೆ ಎರಡು ಮೀಟರಿಗಿಂತ ಜಾಸ್ತಿ. ಕೂತಲ್ಲಿಂದ ಸುಯ್ಯನೆ ಹಾರುವುದಿಲ್ಲ. ನೀರಿನ ಮೇಲೆ ಪಟಪಟ ಓಡಿ, ಆಮೇಲೆ ಏಳಬೇಕು. ಹಾರುವಾಗ ರೆಕ್ಕೆ ಗುಂಯ್ ಗುಂಯ್ ಅನ್ನುತ್ತದೆ. ಹೆಸರಿಗೆ ಮೂಕ, ಆದರೆ ಬುಸುಗುಟ್ಟುತ್ತದೆ. ಮರಿ ಹತ್ತಿರ ಹೋದರೆ ರೆಕ್ಕೆಯಲ್ಲಿ ಬಾರಿಸುತ್ತದೆ. ಸೌಮ್ಯ ಹಕ್ಕಿ ಅನ್ನುವವರು ದೂರದಿಂದ ನೋಡಿದವರು.

ಮುಖ್ಯ ವಿಷಯ ಇದು. ಬೇಸಿಗೆಯಲ್ಲಿ ಹಾರುವ ಗರಿಗಳೆಲ್ಲ ಒಟ್ಟಿಗೆ ಉದುರುತ್ತವೆ. ಹೊಸದು ಬರುವ ತನಕ ಕೆಲವು ವಾರ ಹಾರಲು ಆಗುವುದಿಲ್ಲ. ನೀರಲ್ಲೇ ಸಿಕ್ಕಿಬಿದ್ದಿರುತ್ತವೆ. ನಿಮ್ಮ ಮಾಂತ್ರಿಕ ಬುದ್ಧಿವಂತನಾದರೆ ಅದೇ ಕಾಲ ಆರಿಸಿಕೊಳ್ಳುತ್ತಾನೆ. ಹುಡುಗಿಯರಿಗೆ ಹಗಲು ತಪ್ಪಿಸಿಕೊಳ್ಳಲು ರೆಕ್ಕೆ ಇಲ್ಲ, ರಾತ್ರಿ ತಪ್ಪಿಸಿಕೊಳ್ಳಲು ದಾರಿ ಇಲ್ಲ.

ಸುಮ್ನೆ ಓದ್ತೀನಿ
ಈ ಮನುಷ್ಯನೇ ಕಾದಂಬರಿ ಬರೆಯಲಿ.

ಚೆಂಡೆ ಮದ್ದಳೆ
ಮಾರಾಯ್ರೇ, ನಮ್ಮ ಯಕ್ಷಗಾನದಲ್ಲಿ ಇದೇ ಸಮಸ್ಯೆ ಉಂಟು, ಉಲ್ಟಾ ಉಂಟು. ಪಂಚವಟಿ ಪ್ರಸಂಗ ನೋಡಿದ್ದೀರಲ್ಲ? ಘೋರ ಶೂರ್ಪನಖಿಯ ವೇಷ ಒಬ್ಬರು ಮಾಡುತ್ತಾರೆ, ಮಾಯಾ ಶೂರ್ಪನಖಿಯದ್ದು ಇನ್ನೊಬ್ಬರು. ಪಾತ್ರ ಒಂದು, ಮೈ ಎರಡು. ನಿಮ್ಮ ಬ್ಯಾಲೆಯಲ್ಲಿ ಮೈ ಒಂದು, ಪಾತ್ರ ಎರಡು.

ಅಜ್ಜನ ಜತೆ ಬಯಲಾಟಕ್ಕೆ ಹೋದಾಗ ನಾನು ಸಣ್ಣವನು. “ಅಜ್ಜ, ಇವಳೇ ರಾಕ್ಷಸಿ ಅಂತ ಲಕ್ಷ್ಮಣನಿಗೆ ಯಾಕೆ ಗೊತ್ತಾಗುವುದಿಲ್ಲ?” ಅಂತ ಕೇಳಿದ್ದೆ. ಅಜ್ಜ, “ಅವನಿಗೆ ಗೊತ್ತಾಗದಿದ್ದರೇನು, ನಿನಗೆ ಗೊತ್ತುಂಟಲ್ಲ, ಸುಮ್ಮನೆ ಕೂತುಕೋ” ಅಂದರು. ಅಷ್ಟೇ ವಿಷಯ. ಓದುಗನಿಗೆ ಮೊದಲೇ ಹೇಳಿಬಿಡಿ. ಓಡೀಲ್ ಗಾಡಿಯಿಂದ ಇಳಿಯುವ ಮುಂಚೆಯೇ ಹೇಳಿ. ಆಮೇಲೆ ಓದುಗ ‘ಬೇಡ ಮಾರಾಯ ಬೇಡ’ ಅನ್ನುತ್ತಾ ಓದುತ್ತಾನೆ. ಗುಟ್ಟು ಮುಚ್ಚಿಟ್ಟು ಕೊನೆಗೆ ಬಿಚ್ಚಿದರೆ ಮಾತ್ರ ರಾಜಕುಮಾರನೂ ಪೆದ್ದ, ಓದುಗನೂ ಪೆದ್ದ.

ಎರಡನೇ ಬೆಲ್
ಮೇಷ್ಟ್ರ ಸರದಿ. ತಡವಾಗಿ ಬಂದೆ, ಉತ್ತರ ಪತ್ರಿಕೆ ತಿದ್ದುತ್ತಿದ್ದೆ.

ಗುರುತು ಹಿಡಿಯುವ ವಿಷಯಕ್ಕೆ ನಳ ದಮಯಂತಿ ಕಥೆಗಿಂತ ದೊಡ್ಡ ಪಾಠ ಇಲ್ಲ. ಅಲ್ಲೂ ಹಂಸ ಇದೆ, ಸಂದೇಶ ಒಯ್ಯುವ ಹಂಸ. ಸ್ವಯಂವರದ ಸಭೆಯಲ್ಲಿ ನಾಲ್ವರು ದೇವತೆಗಳು ನಳನ ರೂಪದಲ್ಲೇ ಕೂತಿರುತ್ತಾರೆ. ಐದು ಜನ ನಳರು! ದಮಯಂತಿ ದೇವತೆಗಳನ್ನೇ ಬೇಡಿಕೊಳ್ಳುತ್ತಾಳೆ. ಆಗ ಗುರುತುಗಳು ಕಾಣುತ್ತವೆ. ದೇವತೆಗಳಿಗೆ ಬೆವರಿಲ್ಲ, ರೆಪ್ಪೆ ಬಡಿಯುವುದಿಲ್ಲ, ಹಾರ ಬಾಡುವುದಿಲ್ಲ, ಪಾದ ನೆಲಕ್ಕೆ ತಾಗುವುದಿಲ್ಲ. ಬೆವರಿದವನು, ಧೂಳಾದವನು, ಬಾಡಿದ ಹಾರದವನು ನಳ. ನಮ್ಮ ಕನಕದಾಸರೂ ಈ ಕಥೆಯನ್ನು ‘ನಳಚರಿತ್ರೆ’ಯಲ್ಲಿ ಹೇಳಿದ್ದಾರೆ. ನಿಜವಾದವನನ್ನು ಗುರುತಿಸಲು ಅವಳಿಗೆ ಅವನ ಕೊರತೆಗಳೇ ಸಾಕಾದವು.

ನಿಮ್ಮ ಓಡೆಟ್‌ಗೆ ಅಂಥ ಒಂದು ಗುರುತು ಕೊಡಿ. ಸಣ್ಣದು. ಕೆರೆಯಲ್ಲಿ ಇರುವವಳಿಗೆ ಮಾತ್ರ ಇರುವಂಥದ್ದು.

ಇನ್ನೊಂದು, ಇದು ಹೊರಳುದಾರಿ. ಹಂಸವಾದ ಹೆಣ್ಣಿನ ಕಥೆ ಪಶ್ಚಿಮದ್ದು ಅಂದುಕೊಳ್ಳಬೇಡಿ. ಊರ್ವಶಿ ಪುರೂರವರ ಮಾತುಕತೆ ಋಗ್ವೇದದ 10ನೇ ಮಂಡಲದ 95ನೇ ಸೂಕ್ತ. ಶತಪಥ ಬ್ರಾಹ್ಮಣದಲ್ಲಿ ಪೂರ್ತಿ ಕಥೆ ಇದೆ. ಬಿಟ್ಟುಹೋದ ಊರ್ವಶಿಯನ್ನು ಹುಡುಕುತ್ತಾ ಅವನು ಕುರುಕ್ಷೇತ್ರದ ತಾವರೆಕೆರೆಗೆ ಬರುತ್ತಾನೆ. ಅಲ್ಲಿ ಅಪ್ಸರೆಯರು ನೀರುಹಕ್ಕಿಗಳಾಗಿ ಈಜುತ್ತಿರುತ್ತಾರೆ. ಗಮನಿಸಿ, ಮೊದಲು ಗುರುತು ಹಿಡಿಯುವವಳು ಅವಳು. “ನಾನು ಜೊತೆಗಿದ್ದ ಮನುಷ್ಯ ಇವನೇ” ಅಂತ ಗೆಳತಿಯರಿಗೆ ಹೇಳುತ್ತಾಳೆ. ಅವನಿಗೆ ಅಷ್ಟೊತ್ತೂ ಹಕ್ಕಿಗಳಷ್ಟೇ ಕಂಡದ್ದು.

ತಕರಾರು
ಒಟ್ಟಿನಲ್ಲಿ ಗಂಡಸರಿಗೆ ಕಣ್ಣು ಕಾಣುವುದಿಲ್ಲ ಅಂತ ವೇದವೇ ಹೇಳಿದೆ. ನನ್ನ ಹೆಂಡತಿಗೆ ಇದನ್ನು ಓದಿ ಹೇಳಬೇಡಿ ದಯವಿಟ್ಟು. ಮೊನ್ನೆ ಅವಳು ಕೂದಲು ಕತ್ತರಿಸಿಕೊಂಡು ಬಂದು ಎರಡು ದಿನ ಆಗಿತ್ತು.

ಸುಮ್ನೆ ಓದ್ತೀನಿ
ಸೀಗ್‌ಫ್ರೀಡ್ ಸಿಕ್ಕಿದ.

ತಕರಾರು
ನಗಿ ನಗಿ. ಆದರೆ ಒಂದು ತೂತು ಯಾರೂ ನೋಡಲಿಲ್ಲ. ಓಡೆಟ್ ರಾತ್ರಿ ಹೆಣ್ಣು ಅಲ್ವಾ? ನೃತ್ಯಕೂಟ ನಡೆಯೋದೂ ರಾತ್ರಿ. ಹಾಗಾದರೆ ಅವಳು ನಡೆದುಕೊಂಡೋ ಕುದುರೆ ಹತ್ತಿಯೋ ಬಾಗಿಲಿಂದಲೇ ಬರಬಹುದಿತ್ತು. ಬ್ಯಾಲೆಯಲ್ಲಿ ಆ ಹೊತ್ತಿಗೆ ಅವಳು ಹಂಸವಾಗಿ ಕಿಟಕಿಯಲ್ಲಿ ಯಾಕೆ ರೆಕ್ಕೆ ಬಡಿಯುತ್ತಾಳೆ?

ಹಳೇ ರೇಡಿಯೋ
ಒಳ್ಳೇ ತೂತು. ಅಲ್ಲಿ ಸಂಗೀತ ಅದನ್ನು ಮುಚ್ಚಿಬಿಡುತ್ತದೆ. ಕೆರೆಯ ಬಳಿ ಓಬೋ ಎಂಬ ಊದುವ ವಾದ್ಯದಲ್ಲಿ ಕೇಳಿದ ಹಂಸದ ರಾಗ ದಿಢೀರನೆ ಸಭೆಯೊಳಗೆ ನುಗ್ಗುತ್ತದೆ. ಮೈ ಜುಮ್ಮೆನ್ನುವಾಗ ಯಾರು ಗಡಿಯಾರ ನೋಡುತ್ತಾರೆ? ಕಾದಂಬರಿಗೆ ಓಬೋ ಇಲ್ಲ. ಅಲ್ಲಿ ಉತ್ತರ ಕೊಡಲೇಬೇಕು.

ಮ್ಯೂನಿಕ್ ಮಂಜ
ಕೆರೆಯಿಂದ ದೂರ ಹೋದರೆ ರಾತ್ರಿಯೂ ಹಕ್ಕಿಯೇ ಅಂತ ಮಾಡಿ. ಅಜ್ಜನ ಕಣ್ಣೀರು ತಾಗಿದ ಕಡೆ ಮಾತ್ರ ಅವಳು ಮನುಷ್ಯಳು.

ಕಾಗದದ ದೋಣಿ
ಮಂಜಣ್ಣ!! ಇದು ಹಾಗೇ ಬಳಸುತ್ತೇನೆ. ಅಂದರೆ ಅವಳು ಯಾವತ್ತೂ ಒದ್ದೆ. ಕೂದಲು ಒದ್ದೆ, ಲಂಗದ ಅಂಚು ಒದ್ದೆ. ಮೇಷ್ಟ್ರು ಕೇಳಿದ ಗುರುತು ಸಿಕ್ಕೇಬಿಟ್ಟಿತು.

ತುದಿಗಾಲು
ಕಣ್ಣೀರಿನ ಕೆರೆ ಅಂದದ್ದಕ್ಕೆ ನೆನಪಾಯ್ತು. ಹಳೇ ಪದ್ಧತಿಯ ಪ್ರದರ್ಶನಗಳಲ್ಲಿ ಓಡೆಟ್ ತನ್ನ ಕಥೆಯನ್ನು ಕೈಸನ್ನೆಯಲ್ಲೇ ಹೇಳುತ್ತಾಳೆ. ಕೆನ್ನೆ ಮೇಲೆ ಬೆರಳು ಇಳಿಸಿದರೆ ಕಣ್ಣೀರು. ಮಣಿಕಟ್ಟು ಅಡ್ಡ ಮಾಡಿದರೆ ಸಾವು. ಎರಡು ಬೆರಳು ಮೇಲೆತ್ತಿದರೆ ಆಣೆ. ನಮ್ಮ ಭರತನಾಟ್ಯದವರಿಗೆ ಹೇಳಿಕೊಡಬೇಕಾಗಿಯೇ ಇಲ್ಲ. ಅಲ್ಲಿ ಕೆರೆ ಅಜ್ಜನದ್ದಲ್ಲ, ತಾಯಿಯ ಕಣ್ಣೀರು. ಸೋವಿಯತ್ ಕಾಲದಲ್ಲಿ ಈ ಸನ್ನೆ ಎಲ್ಲ ಕಿತ್ತುಹಾಕಿ ಬರೀ ಕುಣಿತ ಉಳಿಸಿದರು.

ಹಳೇ ರೇಡಿಯೋ
ಸೋವಿಯತ್‌ನವರು ಕೊನೆಯನ್ನೂ ಬದಲಿಸಿದರು. ಅಲ್ಲಿ ರಾಜಕುಮಾರ ರಾಟ್‌ಬಾರ್ಟ್‌ನ ರೆಕ್ಕೆ ಕಿತ್ತು ಗೆಲ್ಲುತ್ತಾನೆ, ಬೆಳಗಾಗುತ್ತದೆ, ಇಬ್ಬರೂ ಸುಖವಾಗಿರುತ್ತಾರೆ.

ವಿಷಯ ಬಿಟ್ಟು ಒಂದು. ನಮ್ಮ ಚಿಕ್ಕಪ್ಪ ಮಾಸ್ಕೋದಲ್ಲಿ ಓದಿದವರು. 1991ರ ಆಗಸ್ಟ್ 19ರ ಬೆಳಿಗ್ಗೆ ಟಿವಿ ಹಾಕಿದರೆ ‘ಹಂಸ ಸರೋವರ’. ಚಾನೆಲ್ ಬದಲಿಸಿದರೂ ಅದೇ. ಹಾಸ್ಟೆಲ್ಲಿನ ರಷ್ಯನ್ ಹುಡುಗರು ಬಿಳಿಚಿಕೊಂಡರಂತೆ. ಮೊದಲು ದೊಡ್ಡ ನಾಯಕರು ಸತ್ತಾಗಲೂ ಹೀಗೇ ಬ್ಯಾಲೆ ಹಾಕುತ್ತಿದ್ದರು. ಆ ಸಲ ಯಾರೂ ಸತ್ತಿರಲಿಲ್ಲ, ಗೋರ್ಬಚೇವ್ ವಿರುದ್ಧ ದಂಗೆ ಎದ್ದಿತ್ತು. ಚಿಕ್ಕಪ್ಪ ಇವತ್ತಿಗೂ ಆ ಪುಟ್ಟ ಹಂಸಗಳ ಕುಣಿತ ಕೇಳಿದರೆ ರೇಡಿಯೋ ಆಫ್ ಮಾಡುತ್ತಾರೆ.

ಚೆಂಡೆ ಮದ್ದಳೆ
ನಮ್ಮಲ್ಲಿ ಶಹನಾಯಿ ಬಂದರೆ ಯಾರೋ ಹೋದರು ಅಂತ ಗೊತ್ತಾಗುತ್ತಿತ್ತಲ್ಲ, ಹಾಗೆ.

ಎರಡನೇ ಬೆಲ್
ಮಕ್ಕಳೇ, ವಿಷಯಕ್ಕೆ ಬನ್ನಿ. ಒಂದು ಪ್ರಾಯೋಗಿಕ ಪ್ರಶ್ನೆ. ಹಕ್ಕುಸ್ವಾಮ್ಯ?

ಹಳೇ ರೇಡಿಯೋ
ಹೆದರಬೇಕಿಲ್ಲ. ನಮ್ಮ ಕಾನೂನಿನಲ್ಲಿ ಲೇಖಕ ಸತ್ತ ಮೇಲೆ 60 ವರ್ಷ. ಚೈಕೋವ್‌ಸ್ಕಿ 1893, ಮೊಡೆಸ್ಟ್ 1916, ಪೆಟಿಪಾ 1910. ಎಲ್ಲಾ ದಾಟಿ ಬಹಳ ಕಾಲವಾಯಿತು. ಈಚಿನ ಸಿನಿಮಾದಿಂದಲೋ ಹೊಸ ಪ್ರದರ್ಶನದಿಂದಲೋ ತಿರುವು ಎತ್ತಿಕೊಂಡರೆ ಮಾತ್ರ ತೊಂದರೆ.

ತಕರಾರು
ಭಾಷೆಯ ವಿಷಯ ಯಾರೂ ಎತ್ತಲಿಲ್ಲ. ಜರ್ಮನ್ ರಾಣಿ ಯಾವ ಕನ್ನಡ ಮಾತಾಡುತ್ತಾಳೆ? “ಕುಮಾರನೇ, ನಾಳೆ ನೀನು ವಧುವನ್ನು ಆರಿಸತಕ್ಕದ್ದು” ಅಂದರೆ ನಾನು ಪುಸ್ತಕ ಮುಚ್ಚುತ್ತೇನೆ.

ಕಾಗದದ ದೋಣಿ
ನನ್ನ ಮೊದಲ ಪ್ರತಿಯಲ್ಲಿ ಹೆಚ್ಚುಕಡಿಮೆ ಅದೇ ವಾಕ್ಯ ಇತ್ತು. ಈಗ ಹೀಗಿದೆ: “ನಾಳೆ ಆರು ಹುಡುಗಿಯರು ಬರ್ತಾರೆ. ಒಬ್ಬಳನ್ನಾದರೂ ನೋಡಿ ನಗು.”

ತಕರಾರು
ಇದು ಸರಿ. ಇದು ನಮ್ಮತ್ತೆ.

ತುದಿಗಾಲು
ಅಕ್ಕ, ಇನ್ನೊಂದು ಹೇಳಬೇಕಿತ್ತು. ಬೆನ್ನೊ ಬಗ್ಗೆ ಯೋಚಿಸಿದ್ದೀರಾ? ರಾಜಕುಮಾರನ ಗೆಳೆಯ. ಈಗಿನ ಪ್ರದರ್ಶನಗಳಲ್ಲಿ ಅವನಿಗೆ ಕೆರೆದಂಡೆಯಲ್ಲಿ ಕೆಲಸವೇ ಇಲ್ಲ. ಆದರೆ 1895ರಲ್ಲಿ ಓಡೆಟ್ ಮತ್ತು ರಾಜಕುಮಾರನ ಆ ಪ್ರೇಮದ ಕುಣಿತ ಇಬ್ಬರದ್ದಾಗಿರಲಿಲ್ಲ, ಮೂವರದ್ದು! ರಾಜಕುಮಾರನ ಪಾತ್ರ ಮಾಡಿದ ಪಾವೆಲ್ ಗೆರ್ಟ್‌ಗೆ ಆಗ ಐವತ್ತು ವಯಸ್ಸು. ಹಾಗಾಗಿ ಓಡೆಟ್ ಹಿಂದಕ್ಕೆ ಬಿದ್ದಾಗ ಹಿಡಿಯುವವನು ಬೆನ್ನೊ. ನಂತರದವರು ಇದು ವಿಚಿತ್ರ ಅಂತ ಅವನನ್ನು ತೆಗೆದುಹಾಕಿದರು.

ಸುಮ್ನೆ ಓದ್ತೀನಿ
ಐವತ್ತರ ರಾಜಕುಮಾರ. ನಮ್ಮ ಸಿನಿಮಾದವರಿಗೆ ಹೇಳಬೇಡಿ, ಅವರಿಗೆ ಗೊತ್ತಿದೆ.

ಕಾಗದದ ದೋಣಿ
ತುದಿಗಾಲು, ಇದನ್ನು ಓದಿ ಅರ್ಧ ಗಂಟೆ ಸುಮ್ಮನೆ ಕೂತಿದ್ದೆ.

ನನ್ನ ತಪ್ಪು ಈಗ ಕಾಣುತ್ತಿದೆ. ಇಷ್ಟು ದಿನ ಕಥೆಯನ್ನು ರಾಜಕುಮಾರನ ಕಣ್ಣಿಂದ ಹೇಳುತ್ತಿದ್ದೆ. ಅವನು ಅವಳನ್ನು ನೋಡಿದ್ದು ಒಂದೇ ರಾತ್ರಿ, ಅದೂ ಬೆಳದಿಂಗಳಲ್ಲಿ. ದೀಪದ ಬೆಳಕಲ್ಲಿ ಅವಳ ಮುಖ ನೋಡಿಯೇ ಇಲ್ಲ. ಸಾವಿರ ಮೇಣದ ಬತ್ತಿ ಉರಿಯುವ ಸಭೆಗೆ ಓಡೀಲ್ ಬಂದಾಗ ಅವನಿಗೆ ಅನ್ನಿಸೋದು “ಓ, ಬೆಳಕಲ್ಲಿ ಇವಳು ಹೀಗೆ ಕಾಣುತ್ತಾಳಾ!” ಅಂತ. ಅನುಮಾನ ಅಲ್ಲ, ಖುಷಿ. ಅಷ್ಟಕ್ಕೆ ಅವನು ಪೆದ್ದನಾಗುವುದಿಲ್ಲ.

ಗೊತ್ತಿದ್ದವನು ಇನ್ನೊಬ್ಬ. ಅವಳನ್ನು ಕೈಯಲ್ಲಿ ಹಿಡಿದವನು. ಒಂದು ಪ್ಯಾರಾ ಬರೆದೆ, ಹಸಿ ಹಸಿ ಇದೆ, ಬೈಯಬೇಡಿ:

“ಕೆರೆದಂಡೆಯಲ್ಲಿ ಅವಳು ಮೂರು ಸಲ ಹಿಂದಕ್ಕೆ ಬಿದ್ದಳು. ಮೂರು ಸಲವೂ ಹಿಡಿದವನು ನಾನು. ರಾಜಕುಮಾರ ಅವಳ ಮುಖ ನೋಡುತ್ತಿದ್ದ. ಅವಳ ತೂಕ ನನ್ನ ತೋಳಿಗೆ ಗೊತ್ತು. ಹನ್ನೆರಡು ಸೇರಿನ ಹಕ್ಕಿಯೊಂದು ನೀರಿಂದ ಏಳಲು ಒದ್ದಾಡಿದ ಹಾಗೆ. ನನ್ನ ತೋಳು ಬೆಳಗಿನವರೆಗೆ ಒದ್ದೆಯಾಗಿತ್ತು. ಅವಳ ಗೆಳತಿಯರು ಪಕ್ಕದ ಮರದ ಕೊಂಬೆಯಿಂದ ಸದ್ದಿಲ್ಲದೆ ಹಾರಿಹೋದರು.

ಮಾರನೇ ರಾತ್ರಿ ಸಭೆಯ ಬಾಗಿಲು ತೆರೆಯಿತು. ಕೆಂಪು ಗಡ್ಡದವನ ಕೈಹಿಡಿದು ಅವಳು ಬಂದಳು. ಅದೇ ಮುಖ. ಎಲ್ಲರೂ ಮುಖ ನೋಡಿದರು. ನಾನು ಕೆಳಗೆ ನೋಡಿದೆ. ಲಂಗದ ಅಂಚು ಒಣಗಿತ್ತು.

ಹೇಳಬಹುದಿತ್ತು. ರಾಜಕುಮಾರ ನಗುತ್ತಿದ್ದ. ಚಿಕ್ಕಂದಿನಿಂದ ಜೊತೆಗಿದ್ದೇನೆ, ಅವನು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ನಾನು ಪಾನಕದ ಲೋಟ ಎತ್ತಿಕೊಂಡೆ.”

ಚೆಂಡೆ ಮದ್ದಳೆ
ಆಹಾ. ಇವನು ಯಾಕೆ ಹೇಳಲಿಲ್ಲ ಅಂತ ತಿಳಿಯಲು ನಾನು ಮುನ್ನೂರು ಪುಟ ಓದುತ್ತೇನೆ.

ಎರಡನೇ ಬೆಲ್
ಪಾನಕದ ಲೋಟ ಬೇಡ, ಜರ್ಮನಿ ಅಲ್ವಾ. ದ್ರಾಕ್ಷಾರಸ ಇರಲಿ. ಉಳಿದದ್ದಕ್ಕೆ ಹತ್ತಕ್ಕೆ ಒಂಬತ್ತು.

ತಕರಾರು
ನನಗೆ ಪಾನಕವೇ ಇಷ್ಟ. ಮೇಷ್ಟ್ರು ಅರ್ಧ ಮಾರ್ಕು ಜಾಸ್ತಿ ಕೊಡಲಿ. ಶೇಂಗಾ ಹೊಲದ ಓಡೆಟ್ ನಾನೇ ಬರೆಯುತ್ತೇನೆ, ನೋಡ್ತಾ ಇರಿ.

ತುದಿಗಾಲು
“ಅವಳ ತೂಕ ನನ್ನ ತೋಳಿಗೆ ಗೊತ್ತು.” ಜೊತೆಗೆ ಕುಣಿದವರಿಗೆ ಇದು ಅರ್ಥವಾಗುತ್ತದೆ ಅಕ್ಕ.

ಬೆಳ್ಳಕ್ಕಿ
ಎಲ್ಲಾ ಚೆಂದ ಇದೆ ತಂಗಿ. ಆದರೆ ಹಂಸ ಮರದ ಕೊಂಬೆ ಮೇಲೆ ಕೂರುವುದಿಲ್ಲ. ಕಾಲಲ್ಲಿ ಜಾಲ ಇರುತ್ತದೆ, ಹಿಡಿತ ಸಿಗುವುದಿಲ್ಲ. ಸದ್ದಿಲ್ಲದೆ ಹಾರುವುದೂ ಇಲ್ಲ, ಮೇಲೆಯೇ ಹೇಳಿದ್ದೆ.

ಕಾಗದದ ದೋಣಿ
ಅಣ್ಣಾ, ತಿದ್ದಿದೆ. ನೀರ ಮೇಲೆ ಓಡಿಸಿ, ಗುಂಯ್ ಅನ್ನಿಸಿದ್ದೇನೆ.